ಹುಣಸೆ ಬೀಜದ ಲೆಕ್ಕ

ಮಕ್ಕಳೇ, ಮೊನ್ನೆ ನನ್ನ ಮೊಮ್ಮಗಳು ಪುಸ್ತಕ ಮುಚ್ಚಿ, "ತಾತ, ನಂಗೆ ಲೆಕ್ಕ ಬರೋದೇ ಇಲ್ಲ" ಎಂದು ಅಳುತ್ತ ಕೂತಿದ್ದಳು. ಮೊದಲ 10 ಬೆಸ ಸಂಖ್ಯೆಗಳನ್ನು ಮೂರು ಸಲ ಕೂಡಿದ್ದಳು. ಮೂರು ಸಲವೂ ಬೇರೆ ಬೇರೆ ಉತ್ತರ.

ನಾನು ಹುಣಸೆ ಬೀಜದ ಡಬ್ಬಿ ತಂದೆ. ಒಂದು ಬೀಜ ಇಟ್ಟೆ. ಅದರ ಬಲಕ್ಕೆ, ಕೆಳಕ್ಕೆ, ಮೂಲೆಗೆ ಒಂದೊಂದರಂತೆ 3 ಇಟ್ಟೆ. 2 ಸಾಲಿನ ಚೌಕವಾಯಿತು. ಅದೇ ಎರಡು ಬದಿಗೆ 5 ಇಟ್ಟಾಗ 3 ಸಾಲಿನ ಚೌಕ.

"ಮುಂದೆ 7 ಇಟ್ರೆ 4 ಸಾಲು!" ಎಂದಳು.

"10 ಸಂಖ್ಯೆ ಮುಗಿದರೆ?"

"10 ಸಾಲು, ಸಾಲಿಗೆ 10... ನೂರು!"

ಅಷ್ಟು ಬೀಜ ಇಡಲೇ ಬೇಕಾಗಲಿಲ್ಲ.

ಕಣ್ಣೊರೆಸಿಕೊಂಡು ಕೇಳಿದಳು: "ಸಮ ಸಂಖ್ಯೆ ಕೂಡಿದ್ರೂ ಚೌಕ ಬರುತ್ತಾ ತಾತ?"

ನಾನು ಉತ್ತರ ಹೇಳದೆ ಡಬ್ಬಿ ಅವಳ ಕಡೆ ಸರಿಸಿದೆ. 2, 4, 6... ನೀವೂ ಅಜ್ಜಿ-ತಾತನ ಜೊತೆ ಇಟ್ಟು ನೋಡಿ.