ಬಿಟ್ಟು ಸಾಕಿದ ಮೊಲ ಯಾರ ಪಾಲು?

 

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು" ಅನ್ನೋ ಗಾದೆ ನಿಮಗೆಲ್ಲ ಗೊತ್ತು. ಈ ಲೇಖನ ಓದಿ ಯಾರೂ ನನಗೆ ಆ ಗಾದೆ ಹೇಳಬಾರದು ಅಂತ ಮೊದಲೇ ಕೇಳಿಕೊಳ್ತೀನಿ. ನಾನು ಹಠಕ್ಕೆ ಬರೆಯುತ್ತಿಲ್ಲ. ಮೊಲಕ್ಕೆ ನಾಲ್ಕು ಕಾಲು ಇವೆ, ಒಪ್ಪುತ್ತೇನೆ. ಆದರೆ ನಮ್ಮೂರ ಬೀದಿಯಲ್ಲಿ ಬದುಕಿ ಉಳಿಯೋದಕ್ಕೆ ಆ ನಾಲ್ಕು ಕಾಲೂ ಸಾಲುತ್ತಿಲ್ಲ. ಅದಕ್ಕೇ ಈ ಸಲ ಗೋಡೆಪತ್ರಿಕೆಯಲ್ಲಿ ಎರಡು ಹಾಳೆ ಜಾಸ್ತಿ ಕೇಳಿ ಪಡೆದು ಬರೆಯುತ್ತಿದ್ದೇನೆ.

ಕಳೆದ ವರ್ಷ ಜಾತ್ರೆ ಮುಗಿದ ಮೇಲೆ ನಮ್ಮ ಬೀದಿಯ ಐದು ಮನೆಗಳಿಗೆ ಮೊಲ ಬಂದವು. ಹತ್ತಿಯಂಥ ಬಿಳಿ ಮೈ, ಕೆಂಪು ಕಣ್ಣು. ನೋಡಿದವರೆಲ್ಲ ಎತ್ತಿ ಮುದ್ದಾಡಿದರು. ಎಲ್ಲರೂ ಹಿತ್ತಲಲ್ಲಿ ಬಿಟ್ಟೇ ಸಾಕಿದರು. ಈಗ ಎರಡು ಮನೆಯಲ್ಲಿ ಮಾತ್ರ ಮೊಲ ಉಳಿದಿವೆ. ಒಂದು ಮನೆಯದನ್ನು ಹಗಲು ಹೊತ್ತಿನಲ್ಲೇ ಬೀದಿನಾಯಿ ಹಿಡಿಯಿತು. ಇನ್ನೊಂದು ಮನೆಯವರು ಬೆಳಗ್ಗೆ ಎದ್ದು ನೋಡಿದರೆ ಹುಲ್ಲಿನ ಬಣವೆ ಹತ್ತಿರ ಬರೀ ಬಿಳಿ ಕೂದಲು ಬಿದ್ದಿತ್ತು. ಮೂರನೇ ಮನೆಯ ಜೋಡಿ ಮೊಲಗಳು ಕಜ್ಜಿ ಹತ್ತಿ, ಮೇವು ಬಿಟ್ಟು ಸತ್ತುಹೋದವು. ಪ್ರತಿ ಸಲವೂ ದೊಡ್ಡವರು ಹೇಳಿದ್ದು ಒಂದೇ ಮಾತು, "ಅದರ ಆಯಸ್ಸು ಅಷ್ಟೇ ಕಣಪ್ಪ, ಬಿಡು."

ಈ ಮಾತು ನನಗೆ ಒಪ್ಪಿಗೆ ಇಲ್ಲ. ಚೆನ್ನಾಗಿ ನೋಡಿಕೊಂಡ ಸಾಕುಮೊಲ ಎಂಟು-ಹತ್ತು ವರ್ಷ ಬದುಕಬಲ್ಲದು. ವರ್ಷ ತುಂಬುವ ಮೊದಲೇ ಮೂರು ಮನೆಯ ಮೊಲ ಹೋದರೆ ಅದನ್ನು ಆಯಸ್ಸಿನ ಮೇಲೆ ಹಾಕಿ ಕೈ ತೊಳೆದುಕೊಳ್ಳೋದು ಸರಿಯಲ್ಲ. ನನ್ನ ಅಭಿಪ್ರಾಯ ಇಷ್ಟೇ: ಬೇಲಿ ಇಲ್ಲದೆ, ಕಾವಲು ಇಲ್ಲದೆ ಮೊಲವನ್ನು ಬಿಟ್ಟು ಸಾಕಬಾರದು. ಕತ್ತಲಾದ ಮೇಲಂತೂ ಬಿಡಲೇಬಾರದು.

ಇದಕ್ಕೆ ನಮ್ಮ ಬೀದಿಯ ಅಣ್ಣ ಒಬ್ಬರು ಕೇಳಿದರು, "ಕಾಡಿನ ಮೊಲಕ್ಕೆ ಯಾರು ಗೂಡು ಕಟ್ಟಿಕೊಟ್ಟಿದ್ದಾರೆ? ಅದು ಬದುಕೋದಿಲ್ವಾ?" ಪ್ರಶ್ನೆ ಚೆನ್ನಾಗಿದೆ. ಆದರೆ ಆ ಮೊಲ ಬೇರೆ, ಈ ಮೊಲ ಬೇರೆ. ನಮ್ಮ ಹೊಲದ ಬದುವಿನಲ್ಲಿ ಕಾಣೋ ಕಾಡುಮೊಲದ ಮೈ ಒಣಹುಲ್ಲಿನ ಬಣ್ಣ, ಕತ್ತಿನ ಹಿಂದೆ ಕಪ್ಪು ಮಚ್ಚೆ. ಹುಲ್ಲಿನಲ್ಲಿ ಅಲುಗಾಡದೆ ಕೂತರೆ ಪಕ್ಕದಲ್ಲೇ ನಡೆದು ಹೋದರೂ ಕಾಣೋದಿಲ್ಲ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲಿರುತ್ತದೆ, ಕಣ್ಣು ಬಿಟ್ಟಿರುತ್ತದೆ. ನಮ್ಮ ಮನೆಗಳ ಬಿಳಿ ಮೊಲದ ಮೂಲ ಸ್ಪೇನ್, ಪೋರ್ಚುಗಲ್ ಕಡೆಯದು. ಇದರಲ್ಲಿ ಹೆಚ್ಚು ಸಾಕೋ ತಳಿಗೆ ನ್ಯೂಜಿಲೆಂಡ್ ವೈಟ್ ಅಂತ ಹೆಸರು, ಆದರೆ ತಳಿ ಬೆಳೆಸಿದ್ದು ಅಮೆರಿಕದಲ್ಲಿ! ಇದರ ಮರಿಗೆ ಹುಟ್ಟುವಾಗ ಕೂದಲಿಲ್ಲ, ಕಣ್ಣೂ ಬಿಟ್ಟಿರೋದಿಲ್ಲ. ಬಿಳಿ ಮೈಯಂತೂ ಮುಸ್ಸಂಜೆಯಲ್ಲಿ ದೀಪ ಹಚ್ಚಿಟ್ಟ ಹಾಗೆ ದೂರಕ್ಕೇ ಕಾಣುತ್ತದೆ. ಬಚ್ಚಿಟ್ಟುಕೊಳ್ಳೋ ಬಣ್ಣವನ್ನೇ ಕಳೆದುಕೊಂಡ ಪ್ರಾಣಿಗೆ "ಕಾಡಿನ ಮೊಲದ ಹಾಗೆ ಬದುಕು" ಅಂದರೆ ಹೇಗೆ?

ಹಕ್ಕ-ಬುಕ್ಕರು ಬೇಟೆಗೆ ಹೋದಾಗ ಮೊಲವೊಂದು ಬೇಟೆನಾಯಿಗಳನ್ನೇ ತಿರುಗಿ ಅಟ್ಟಿತು, ಆ ವೀರಭೂಮಿಯಲ್ಲೇ 1336ರಲ್ಲಿ ವಿಜಯನಗರ ಕಟ್ಟಿದರು ಅಂತ ಐತಿಹ್ಯ ಕೇಳಿದ್ದೇವೆ. ಕತೆ ಕೇಳೋಕೆ ಚೆನ್ನಾಗಿದೆ. ಆದರೆ ನಮ್ಮೂರ ನಾಯಿಗಳು ಇತಿಹಾಸ ಓದಿಲ್ಲ.

ನಾಯಿ ಒಂದೇ ಶತ್ರು ಅಂತ ತಿಳಿಯಬೇಡಿ. ಹಗಲಲ್ಲಿ ಹದ್ದು, ಕಾಗೆ ಮರಿಗಳನ್ನು ಎತ್ತಿಕೊಂಡು ಹೋಗುತ್ತವೆ. ಮುಂಗುಸಿ ಬೇಲಿಯ ಸಂದಿಯಿಂದ ನುಗ್ಗುತ್ತದೆ. ರಾತ್ರಿ ಕಾಡುಬೆಕ್ಕು, ಗೂಬೆ, ಹೆಗ್ಗಣ, ಹಾವು. ಹೆಗ್ಗಣವೂ ಹಾವೂ ಹಸಿ ಮರಿಗಳನ್ನು ಬಿಡೋದಿಲ್ಲ. ಕೆಂಪಿರುವೆ ಮುತ್ತಿದರೂ ಕಣ್ಣು ಬಿಡದ ಮರಿಗಳು ಸಾಯುತ್ತವೆ. ಇನ್ನೊಂದು ವಿಷಯ, ಮೊಲ ಹೆಚ್ಚು ಚುರುಕಾಗಿ ಓಡಾಡಿ ಮೇಯೋದು ಬೆಳಗಿನ ಜಾವ ಮತ್ತು ಮುಸ್ಸಂಜೆ. ಬೇಟೆಯಾಡೋ ಪ್ರಾಣಿಗಳು ಹೊರಡೋದೂ ಅದೇ ಹೊತ್ತಿಗೆ. ಆ ಎರಡು ಹೊತ್ತು ನಾವೂ ಮನೆಕೆಲಸದಲ್ಲಿ ಇರುತ್ತೇವೆ. ಹಾಲು ಕರೆಯೋದು, ನೀರು ತರೋದು, ಓದಿಕೊಳ್ಳೋದು. ಹಿತ್ತಲ ಕಡೆ ಕಣ್ಣಿರೋದಿಲ್ಲ.

ಮೊಲ ಸಾಯೋದಕ್ಕೆ ಹಲ್ಲು ತಾಗಲೇಬೇಕು ಅಂತಲೂ ಇಲ್ಲ. ನಾಯಿ ಅಟ್ಟಿಸಿಕೊಂಡು ಬಂದ ಗಾಬರಿಗೇ ಮೊಲ ಸಾಯಬಹುದು. ಆದ್ದರಿಂದ ತಮಾಷೆಗೆ ಅಂತ ಮೊಲವನ್ನು ಓಡಿಸಿಕೊಂಡು ಹೋಗೋ ನಮ್ಮ ಚಿಕ್ಕ ತಮ್ಮಂದಿರಿಗೂ ಬುದ್ಧಿ ಹೇಳಬೇಕು. ಕಿವಿ ಹಿಡಿದು ಎತ್ತೋದನ್ನು ಎಲ್ಲರೂ ನಿಲ್ಲಿಸಬೇಕು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಕೊಟ್ಟು ಎತ್ತಬೇಕು. ಹಿಂಗಾಲಿಗೆ ಆಸರೆ ಇಲ್ಲದೆ ಅದು ಜೋರಾಗಿ ಒದ್ದುಕೊಂಡರೆ ಬೆನ್ನುಮೂಳೆಯೇ ಮುರಿಯಬಹುದು.

ಹಾಗಾದರೆ ಏನು ಮಾಡಬೇಕು? ನಮ್ಮಜ್ಜಿ ಹೇಳೋ ಹಾಗೆ, ಬೇಲಿ ಹಾಕದೆ ಬಿತ್ತಿದವನು ದನ ಬೈದರೆ ಏನು ಬಂತು?

ಮೊದಲನೆಯದು, ಒಂದು ದೊಡ್ಡಿ. ಎರಡು ಮೊಲಕ್ಕೆ ಆರು ಅಡಿ ಉದ್ದ, ಆರು ಅಡಿ ಅಗಲವಾದರೂ ಇರಲಿ ಅನ್ನೋದು ನನ್ನ ಲೆಕ್ಕ. ಮೊಲ ನೆಗೆಯಬೇಕು, ಹಿಂಗಾಲ ಮೇಲೆ ನಿಂತು ನೋಡಬೇಕು. ಸಣ್ಣ ಡಬ್ಬದಂಥ ಗೂಡಿನಲ್ಲಿ ಇಡೀ ದಿನ ತುಂಬಿಡೋದು ಬಿಟ್ಟು ಸಾಕೋದಷ್ಟೇ ಕೆಟ್ಟದ್ದು. ಕೋಳಿಗೆ ಹಾಕೋ ತೆಳು ಬಲೆ ಮೊಲವನ್ನು ಒಳಗೆ ಇಡುತ್ತದೆಯೇ ಹೊರತು ನಾಯಿಯನ್ನು ಹೊರಗೆ ಇಡೋದಿಲ್ಲ. ನಾಯಿ ಹಲ್ಲಿನಲ್ಲಿ ಕಿತ್ತುಬಿಡುತ್ತದೆ. ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿ ಗಟ್ಟಿ. ಮೊಲ ಒಳಗಿಂದ ಬಿಲ ತೋಡುತ್ತದೆ, ನಾಯಿ ಹೊರಗಿಂದ ಕೆರೆಯುತ್ತದೆ. ಅದಕ್ಕೆ ಜಾಲರಿಯನ್ನು ಒಂದು ಅಡಿ ಮಣ್ಣಲ್ಲಿ ಹೂಳಬೇಕು. ಆಗದಿದ್ದರೆ ಹೊರಗಡೆಗೆ ಒಂದು ಅಡಿ ಮಡಚಿ ಮೇಲೆ ಕಲ್ಲು ಹೇರಬೇಕು. ಹದ್ದು, ಬೆಕ್ಕು ಮೇಲಿಂದ ಬರೋದರಿಂದ ಮೇಲೂ ಮುಚ್ಚಿರಬೇಕು. ಬಾಗಿಲಿಗೆ ಚಿಲಕ ಇರಲಿ, ಹಗ್ಗ ಸುತ್ತಿ ಬಿಡಬೇಡಿ.

ಎರಡನೆಯದು, ಒಳಗೆ ಒಂದು ಮುಚ್ಚಿದ ಪೆಟ್ಟಿಗೆ, ನೆಲದಿಂದ ಸ್ವಲ್ಪ ಎತ್ತರದಲ್ಲಿ. ಅದಕ್ಕೆ ಎರಡು ಬಾಗಿಲಿದ್ದರೆ ಒಳ್ಳೇದು, ಒಂದರಲ್ಲಿ ಭಯ ಬಂದರೆ ಇನ್ನೊಂದರಲ್ಲಿ ಹೊರಗೆ ಓಡಬಹುದು. ಒಳಗೆ ಒಣ ಹುಲ್ಲು ಹಾಸಬೇಕು. ಪೆಟ್ಟಿಗೆಯ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ಇಟ್ಟರೆ ಇರುವೆ ಹತ್ತೋದಿಲ್ಲ.

ಮೂರನೆಯದು, ಹೊತ್ತು. ಸ್ಕೂಲಿಂದ ಬಂದ ಮೇಲೆ ಒಂದು ಗಂಟೆ ಹಿತ್ತಲಲ್ಲಿ ಬಿಡಿ, ನೀವೂ ಪಕ್ಕದಲ್ಲೇ ಪುಸ್ತಕ ಹಿಡಿದು ಕೂತಿರಿ. ದೀಪ ಹಚ್ಚೋ ಮೊದಲೇ ಒಳಗೆ ಸೇರಿಸಿ ಚಿಲಕ ಹಾಕಿ. ಮೊಲಕ್ಕೂ ಓಡಾಟ ಆಯಿತು, ನಮಗೂ ಪಾಠ ಆಯಿತು.

ಇನ್ನು ರೋಗದ ಮಾತು. ಬಿಟ್ಟ ಮೊಲ ಕಂಡಲ್ಲೆಲ್ಲ ಬಾಯಿ ಹಾಕುತ್ತದೆ. ಎಕ್ಕ, ಕಣಗಿಲೆ, ಉಮ್ಮತ್ತಿ, ಲಂಟಾನ ಎಲ್ಲಾ ವಿಷ. ಔಷಧಿ ಹೊಡೆದ ಹೊಲದ ಸೊಪ್ಪಂತೂ ಇನ್ನೂ ಅಪಾಯ. ಮೊಲಕ್ಕೆ ವಾಂತಿ ಮಾಡಲು ಬರೋದಿಲ್ಲ. ಒಳಗೆ ಹೋದ ವಿಷ ಒಳಗೇ. ಅದಕ್ಕೆ ಒಳ್ಳೆಯ ಮೇವು ಅಂದರೆ ಗರಿಕೆ, ಒಣಹುಲ್ಲು, ಕುದುರೆಮೆಂತ್ಯ. ಅದರ ಹಲ್ಲು ಸಾಯೋವರೆಗೂ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದರೆ ಮಾತ್ರ ಸವೆಯುತ್ತದೆ. ಬಿಸ್ಕತ್ತು, ಅನ್ನ ಹಾಕೋದು ಪ್ರೀತಿ ಅನ್ನಿಸಿದರೂ ಹೊಟ್ಟೆ ಕೆಡಿಸುತ್ತದೆ. ಮೇವನ್ನು ಒಮ್ಮೆಲೇ ಬದಲಾಯಿಸಿದರೂ ಹೊಟ್ಟೆ ಉಬ್ಬರ, ಭೇದಿ ಬರಬಹುದು.

ಮಳೆಗಾಲದಲ್ಲಿ ಒದ್ದೆ ನೆಲ, ಹಿಕ್ಕೆ ಸೇರಿದ ಹುಲ್ಲು ಇದ್ದರೆ ಕಾಕ್ಸಿಡಿಯೋಸಿಸ್ ಅನ್ನೋ ಕಾಯಿಲೆ ಬರುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿ ಹಿಕ್ಕೆಯಿಂದ ಮೇವಿಗೆ, ಮೇವಿನಿಂದ ಹೊಟ್ಟೆಗೆ ಹೋಗುತ್ತದೆ. ಮರಿಗಳಿಗೆ ಭೇದಿ ಹತ್ತಿ, ಸೊರಗಿ, ಸಾಯುತ್ತವೆ. ಇದಕ್ಕೆ ದಾರಿ ದಿನಾ ಗುಡಿಸೋದು, ಹುಲ್ಲನ್ನು ನೆಲಕ್ಕೆ ಹಾಕದೆ ಕಟ್ಟಿ ತೂಗುಹಾಕೋದು. ಆದರೆ ಮೊಲ ತನ್ನ ಮೆತ್ತನೆ ಹಿಕ್ಕೆಯನ್ನು ತಾನೇ ತಿಂದರೆ ಹೊಡೆಯಬೇಡಿ. ಅದು ಕಾಯಿಲೆ ಅಲ್ಲ. ಹಸು ಮೆಲುಕು ಹಾಕಿದ ಹಾಗೆ ಆಹಾರದ ಸತ್ವವನ್ನು ಎರಡನೇ ಸಲ ಪಡೆಯೋ ರೀತಿ.

ಕಿವಿಯೊಳಗೆ ಕಂದು ಹೊಪ್ಪಳೆ ಕಟ್ಟಿ, ಮೊಲ ತಲೆ ಒದರುತ್ತಿದ್ದರೆ, ಅಥವಾ ಮೂಗು, ಪಾದದ ಮೇಲೆ ಕಜ್ಜಿ ಕಂಡರೆ ಅದು ನುಸಿಯಂಥ ಸಣ್ಣ ಹುಳದ ಕಾಟ. ಮೈಕಜ್ಜಿ ಎತ್ತಿ ಆಡಿಸಿದವರಿಗೂ ತುರಿಕೆ ತರಬಹುದು. ಸೀಮೆಎಣ್ಣೆ ಹಚ್ಚೋರು ಇದ್ದಾರೆ. ಮೊಲ ಮೈ ನೆಕ್ಕಿಕೊಳ್ಳೋ ಪ್ರಾಣಿ, ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಪಶುವೈದ್ಯರ ಹತ್ತಿರ ಇದಕ್ಕೆ ಸರಿಯಾದ ಔಷಧಿ ಇದೆ. ನಾಯಿಯ ಚಿಗಟಕ್ಕೆ ಹಾಕೋ ಫಿಪ್ರೋನಿಲ್ ಮೊಲಕ್ಕೆ ಹಾಕಿದರೆ ಜೀವಕ್ಕೇ ಕುತ್ತು. ಮನುಷ್ಯರ ಅಮಾಕ್ಸಿಸಿಲಿನ್ ಮಾತ್ರೆ ಪುಡಿ ಮಾಡಿ ಕುಡಿಸಿದರೂ ಅಷ್ಟೇ, ಹೊಟ್ಟೆಯ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಮೊಲವೂ ಸಾಯಬಹುದು. ಮೊಲ ಒಂದು ಹಗಲು ಏನೂ ತಿನ್ನದೆ ಮೂಲೆ ಹಿಡಿದರೆ "ನಾಳೆ ನೋಡೋಣ" ಅನ್ನಬೇಡಿ, ಅವತ್ತೇ ಪಶು ಆಸ್ಪತ್ರೆಗೆ ಒಯ್ಯಿರಿ. ಹೊಸದಾಗಿ ತಂದ ಮೊಲವನ್ನು ಎರಡು ವಾರವಾದರೂ ಬೇರೆ ಇಟ್ಟು, ಆಮೇಲೆ ಹಳೆಯದರ ಜೊತೆ ಸೇರಿಸಿ.

ಬೇಸಿಗೆಯಲ್ಲಿ ಮೊಲಕ್ಕೆ ನಮ್ಮ ಹಾಗೆ ಬೆವರೋದಿಲ್ಲ. ಮೈಯ ಬಿಸಿ ಹೆಚ್ಚಾಗಿ ಕಿವಿಯಿಂದಲೇ ಹೊರಗೆ ಹೋಗಬೇಕು. ಅದಕ್ಕೆ ದೊಡ್ಡಿ ಹುಣಸೆಮರದಂಥ ನೆರಳಲ್ಲಿ ಇರಲಿ, ಮೇಲೆ ಒದ್ದೆ ಗೋಣಿಚೀಲ, ಒಳಗೆ ಸದಾ ತಣ್ಣೀರು.

ಒಂದು ಮಾತು ದಯವಿಟ್ಟು ನೆನಪಿಡಿ. ನಾಯಿ ಬಾಯಿಂದ ಮೊಲ ಬಿಡಿಸೋಕೆ ಬರಿಗೈ ಹಾಕಬೇಡಿ. ಕೋಲು, ನೀರು, ಕೂಗು ಸಾಕು. ಕಚ್ಚಿಸಿಕೊಂಡರೆ ಗಾಯವನ್ನು ಹದಿನೈದು ನಿಮಿಷ ಸೋಪು ಹಚ್ಚಿ ಹರಿಯೋ ನೀರಲ್ಲಿ ತೊಳೆದು, ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿಕೊಳ್ಳಲೇಬೇಕು. ಮೊಲದ ಮೇಲಿನ ಪ್ರೀತಿಗೆ ನಮ್ಮ ಜೀವ ಒತ್ತೆ ಇಡಬಾರದು. ಬೇಲಿ ಇದ್ದರೆ ಈ ಪ್ರಸಂಗವೇ ಬರೋದಿಲ್ಲ.

"ಸಾಕೋಕೆ ಆಗದಿದ್ದರೆ ಗುಡ್ಡಕ್ಕೆ ಬಿಟ್ಟು ಬಂದರಾಯಿತು" ಅನ್ನೋರೂ ಇದ್ದಾರೆ. ಗಂಡು ಹೆಣ್ಣು ಒಟ್ಟಿಗೆ ಇದ್ದರೆ ಒಂದು ತಿಂಗಳಿಗೇ ಮರಿ. ಒಂದು ಸೂಲಿಗೆ ಆರೇಳು ಮರಿ ಇಡೋದು ಸಾಮಾನ್ಯ. ಹೆಚ್ಚಾದ ಮೇಲೆ ಗುಡ್ಡದ ನೆನಪಾಗುತ್ತದೆ! ಆಸ್ಟ್ರೇಲಿಯಾದಲ್ಲಿ 1859ರಲ್ಲಿ ಥಾಮಸ್ ಆಸ್ಟಿನ್ ಅನ್ನೋ ಜಮೀನುದಾರ ಬೇಟೆಯ ಶೋಕಿಗೆ ಎರಡು ಡಜನ್ ಮೊಲ ಬಿಟ್ಟ. ಅವು ಕೋಟಿಗಟ್ಟಲೆ ಆಗಿ ಹುಲ್ಲುಗಾವಲು, ಬೆಳೆ ಎಲ್ಲ ಬೋಳಿಸಿದವು. ಕೊನೆಗೆ 1901ರಿಂದ 1907ರವರೆಗೆ ಅಲ್ಲಿ ಮೂರು ಸಾವಿರ ಕಿಲೋಮೀಟರಿಗೂ ಉದ್ದದ ಬೇಲಿ ಹಾಕಬೇಕಾಯಿತು. ನಮ್ಮ ಗುಡ್ಡದಲ್ಲಿ ಬಿಟ್ಟ ಬಿಳಿ ಮೊಲ ಅಷ್ಟು ದಿನ ಬದುಕೋದೇ ಕಷ್ಟ. ಬದುಕಿದಷ್ಟು ದಿನ ತನ್ನ ರೋಗವನ್ನು ಕಾಡುಮೊಲಗಳಿಗೂ ಹಂಚಬಹುದು. ಆದ್ದರಿಂದ ಗಂಡನ್ನು ಬೇರೆ ಇಡೋದೇ ಜಾಣತನ. ಹಾಗೆಯೇ ಹೊಲದಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ಮನೆಗೆ ತಂದು ಸಾಕಲೂಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ.

ಕೊನೆಗೆ ದುಡ್ಡಿನ ಮಾತು. "ಮೊಲದ ಬೆಲೆಗಿಂತ ಜಾಲರಿ ಬೆಲೆ ಜಾಸ್ತಿ" ಅಂತ ನಮ್ಮಪ್ಪನೂ ಹೇಳುತ್ತಾರೆ. ಹೌದು, ಜಾಸ್ತಿಯೇ. ಆದರೆ ಮೊಲ ಸತ್ತಾಗಲೆಲ್ಲ ಹೊಸ ಮೊಲ ತರೋದರ ಲೆಕ್ಕ ಹಾಕಿ. ಕಂಬಕ್ಕೆ ಬಿದಿರು ಇದೆ, ಪೆಟ್ಟಿಗೆಗೆ ಹಳೇ ಹಲಗೆ ಇದೆ, ಕೊಳ್ಳಬೇಕಾದ್ದು ಜಾಲರಿ ಒಂದೇ. ಅಷ್ಟೂ ಆಗದಿದ್ದರೆ ಮೊಲ ತರಲೇಬೇಕು ಅಂತ ಯಾರೂ ಬಲವಂತ ಮಾಡಿಲ್ಲವಲ್ಲ.

ಗುರುಗಳಲ್ಲಿ ಒಂದು ವಿನಂತಿ. ನಮ್ಮ ಶಾಲೆಯ ಹಿಂದೆ ಮುರಿದ ಬೆಂಚು, ಕಳಚಿ ಹಾಕಿದ ಕಿಟಕಿ ಜಾಲರಿ ಮಳೆಯಲ್ಲಿ ನೆನೆಯುತ್ತ ಬಿದ್ದಿವೆ. ಅಪ್ಪಣೆ ಕೊಟ್ಟರೆ ಕೆಲಸಾನುಭವದ ಪಿರಿಯಡ್‌ನಲ್ಲಿ ನಾವೇ ಸೇರಿ, ಉಳಿದ ಆ ಎರಡು ಮನೆಗಳ ಮೊಲಕ್ಕೆ ದೊಡ್ಡಿ ಕಟ್ಟಿಕೊಡುತ್ತೇವೆ. ಗೆಳೆಯರೇ, ಈ ಸಲದ ಜಾತ್ರೆಗೆ ಮೊದಲೇ ಇದು ಆಗಬೇಕು. ಜಾತ್ರೆಯಲ್ಲಿ ಮೊಲದ ಬುಟ್ಟಿ ಕಂಡು ಅಮ್ಮನ ಸೆರಗು ಎಳೆಯೋ ಮೊದಲು ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಲಿ, ಮನೆಯಲ್ಲಿ ದೊಡ್ಡಿ ಇದೆಯಾ?

ನನ್ನ ಮಾತು ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೆದುಕೊಡಿ. ಒಪ್ಪಿದವರು ಶನಿವಾರ ಸುತ್ತಿಗೆ, ಮೊಳೆ ತನ್ನಿ.

ಇಂತಿ ನಿಮ್ಮ ಸಹಪಾಠಿ,
9ನೇ ತರಗತಿ