ಬೇರೆ ಇಟ್ಟ ತಟ್ಟೆ



ಒಂದು ಹಾಸ್ಟೆಲ್ಲು. ಒಬ್ಬ ಗೆಳೆಯನ ಟ್ರಂಕಿನಲ್ಲಿ ಮಾತ್ರೆ ಡಬ್ಬಿ ಸಿಕ್ಕಿತು. ಎಚ್‌ಐವಿ ಮಾತ್ರೆ ಅಂತ ಯಾರೋ ಗುರುತು ಹಿಡಿದರು. ಮಾರನೇ ದಿನದಿಂದ ಅವನ ತಟ್ಟೆ ಲೋಟ ಬೇರೆಯಾಯ್ತು. ವಾರದೊಳಗೆ ಆತ ಹಾಸಿಗೆ ಸುತ್ತಿಕೊಂಡು ಊರಿಗೆ ಹೋದ. ಹೀಗೆ ಮಾಡಿದವರು ಮೇಲ್ಜಾತಿಯವರಲ್ಲ, ನಾವೇ. ಹೋಟ್ಲಿನ ಹೊರಗೆ ನಿಂತು ಬೇರೆ ಲೋಟದಲ್ಲಿ ಟೀ ಕುಡಿದ ಅಪ್ಪಂದಿರ ಮಕ್ಕಳು ನಾವು!

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬರೆಯದಿದ್ದರೆ ಇನ್ನೂ ದೊಡ್ಡ ನಾಚಿಕೆ.

1986ರಲ್ಲಿ ಮದ್ರಾಸಿನಲ್ಲಿ ಲೈಂಗಿಕ ವೃತ್ತಿಯ ಹೆಂಗಸರ ರಕ್ತದಲ್ಲಿ ಈ ಸೋಂಕು ಈ ದೇಶದಲ್ಲಿ ಮೊದಲು ಪತ್ತೆಯಾಯ್ತು. ಅಂದಿನಿಂದ ಇದಕ್ಕೆ 'ನೀತಿಗೆಟ್ಟವರ ರೋಗ' ಎಂಬ ಹಣೆಪಟ್ಟಿ. ಬೆಳಗಾವಿ, ಬಾಗಲಕೋಟೆ ಕಡೆ ನಮ್ಮ ಕೇರಿಯ ಹೆಣ್ಣುಮಕ್ಕಳನ್ನು ದೇವರ ಹೆಸರಲ್ಲಿ ಬಿಟ್ಟವರನ್ನು ಯಾರೂ ಕೇಳಲಿಲ್ಲ. ರೋಗ ಬಂದಾಗ ಆ ಹೆಣ್ಣನ್ನೇ ದೂರಿದರು. 2007ರಲ್ಲಿ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡ ಎಂದ ರಾಜ್ಯಗಳಲ್ಲಿ ನಮ್ಮದೂ ಒಂದು. ಸಂಸ್ಕೃತಿ ಕೆಡುತ್ತದಂತೆ! ಮೇಷ್ಟ್ರು ಹೇಳಲಿಲ್ಲ, ಅಪ್ಪ ಅವ್ವ ಹೇಳಲಿಲ್ಲ. ಹುಡುಗರು ಮೊಬೈಲಿನ ನೀಲಿಚಿತ್ರ ನೋಡಿ ಕಲಿತರು. ಅಲ್ಲಿ ಕಾಂಡೋಮ್ ಹಾಕು ಅಂತ ಯಾರು ಹೇಳ್ತಾರೆ? ಹುಡುಗಿಯ ಒಪ್ಪಿಗೆ ಕೇಳು ಅಂತ ಯಾರು ಹೇಳ್ತಾರೆ?

ಆದ್ದರಿಂದ ನಾವೇ ಹೇಳುತ್ತೇವೆ. ಕಾಂಡೋಮಿಲ್ಲದ ಸಂಭೋಗ, ಸೋಂಕಿನ ರಕ್ತ, ಒಬ್ಬರು ಚುಚ್ಚಿಕೊಂಡ ಸೂಜಿ, ಸೋಂಕಿರುವ ತಾಯಿಯಿಂದ ಮಗು: ಬರುವ ದಾರಿಗಳು ಇವು. ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿದರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ. ಪ್ರತಿ ಸಲವೂ ಕಾಂಡೋಮ್ ಬಳಸಿ. ಕೊಳ್ಳುವಾಗ ತಲೆ ತಗ್ಗಿಸಬೇಡಿ. ಅದು ಹರಿದರೆ 72 ಗಂಟೆಯೊಳಗೆ ಡಾಕ್ಟರ ಹತ್ತಿರ ಓಡಿ. ಸೋಂಕು ತಡೆಯಲು 28 ದಿನದ ಮಾತ್ರೆಗಳಿವೆ. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. ಸರ್ಕಾರಿ ಐಸಿಟಿಸಿ ಕೇಂದ್ರದಲ್ಲಿ ಪರೀಕ್ಷೆ ಪುಕ್ಕಟೆ, ಗುಟ್ಟು ಬಯಲಾಗುವುದಿಲ್ಲ. ಕೇಳುವುದಿದ್ದರೆ 1097ಕ್ಕೆ ಫೋನ್ ಮಾಡಿ, ದುಡ್ಡಿಲ್ಲ.

ಸೋಂಕು ಇದೆ ಅಂತ ಗೊತ್ತಾದರೆ ಬದುಕು ಮುಗಿಯಿತು ಅಂತಲ್ಲ. 2004ರಿಂದ ಸರ್ಕಾರ ಮಾತ್ರೆಯನ್ನು ಪುಕ್ಕಟೆ ಕೊಡುತ್ತಿದೆ. ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದರೆ, ಸಂಭೋಗದಿಂದಲೂ ಅದು ಇನ್ನೊಬ್ಬರಿಗೆ ದಾಟುವುದಿಲ್ಲ. 2017ರ ಕಾನೂನಿನ ಪ್ರಕಾರ ಸೋಂಕಿನ ನೆಪದಲ್ಲಿ ಯಾರನ್ನೂ ಕಾಲೇಜಿನಿಂದ, ಕೆಲಸದಿಂದ, ಮನೆಯಿಂದ ಹೊರಹಾಕುವಂತಿಲ್ಲ.

ಈಗ ಆ ಗೆಳೆಯನನ್ನು ನೆನೆಯಿರಿ. ಅವನಿಗೆ ಅದು ತಾಯಿಯಿಂದ ಬಂದಿತ್ತೋ, ಹೇಗೆ ಬಂತೋ, ಕೇಳುವ ಹಕ್ಕು ನಮಗಿಲ್ಲ. ಆತ ಪರೀಕ್ಷೆ ಮಾಡಿಸಿಕೊಂಡಿದ್ದ, ಮಾತ್ರೆ ನುಂಗುತ್ತಿದ್ದ. ಭಯ ಪಡಬೇಕಾದದ್ದು ಅವನಿಗಲ್ಲ. ಪರೀಕ್ಷೆಯನ್ನೇ ಮಾಡಿಸಿಕೊಳ್ಳದೆ ಗಂಡಸುತನದ ಮಾತಾಡುತ್ತಾ ಅವನ ತಟ್ಟೆಯನ್ನು ಬೇರೆ ಇಟ್ಟೆವಲ್ಲ, ನಮಗೆ.

ಅವನ ಊರಿಗೆ ಹೋಗೋಣ. ತಪ್ಪಾಯ್ತು ಅನ್ನೋಣ. ಕರಕೊಂಡು ಬಂದು, ಒಂದೇ ಸಾಲಿನಲ್ಲಿ ಕೂತು ಉಣ್ಣೋಣ.