ಗಿನಿಯಿಲಿಯ ಹಾಸಿಗೆ ಮತ್ತು ನಮ್ಮ ಹೊಣೆ

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳಿದ್ದೇವೆ. ಮನುಷ್ಯನಾದರೋ ತನ್ನ ಹಾಸಿಗೆಯನ್ನು ತಾನೇ ನೋಡಿಕೊಳ್ಳಬಲ್ಲನು. ಗೂಡಿನಲ್ಲಿಟ್ಟು ಸಾಕುವ ಮೂಕಪ್ರಾಣಿಗೆ ಆ ಸ್ವಾತಂತ್ರ್ಯವಿಲ್ಲ. ನಾವು ಹಾಸಿದ್ದೇ ಅದರ ಹಾಸಿಗೆ. ಅದು ಒದ್ದೆಯಾಗಿದ್ದರೂ ಅಲ್ಲಿಯೇ ಮಲಗಬೇಕು. ಈಗ ನಮ್ಮ ಕಾಸರಗೋಡಿನ ಕಡೆಯೂ ಮೊಲ, ಪಾರಿವಾಳಗಳಂತೆ ಗಿನಿಯಿಲಿಯನ್ನು ಸಾಕುವ ಮಕ್ಕಳಿದ್ದಾರೆ. ಅದರ ಗೂಡಿಗೆ ಒಗೆದು ಮತ್ತೆ ಹಾಸಬಹುದಾದ ಬಟ್ಟೆಯೇ ಉತ್ತಮ. ಆದರೆ ಬಟ್ಟೆಯನ್ನು ಆರಿಸುವ ಮೊದಲು ಒಗೆಯುವ ಕೈ ಯಾರದೆಂದು ನಿಶ್ಚಯವಾಗಬೇಕು. ಇದು ಅಕ್ಕ-ತಮ್ಮಂದಿರಾದ ನಮ್ಮಿಬ್ಬರ ಅಭಿಪ್ರಾಯ.

ಗಿನಿಪಿಗ್ ಎಂದು ಕರೆದರೂ ಈ ಪ್ರಾಣಿ ಹಂದಿಯಲ್ಲ, ಗಿನಿ ದೇಶದ್ದೂ ಅಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಪ್ರದೇಶದ ಜನರು ಸಾವಿರಾರು ವರ್ಷಗಳಿಂದ ಸಾಕಿಕೊಂಡು ಬಂದ ದಂಶಕವಿದು. ಅದರ ಅಂಗಾಲಿನಲ್ಲಿ ರೋಮವಿಲ್ಲ. ಚರ್ಮ ಬಹಳ ಮೃದು. ಹಗಲಿರುಳೆನ್ನದೆ ಮೇಯುತ್ತದೆ, ಹಿಕ್ಕೆ ಹಾಕುತ್ತದೆ, ಗೂಡಿನ ತುಂಬ ಮೂತ್ರ ಮಾಡುತ್ತದೆ. ಮೂತ್ರ ನಿಂತಲ್ಲಿ ಅಮೋನಿಯಾ ಹುಟ್ಟಿ ಶ್ವಾಸಕೋಶವನ್ನು ಕೆಡಿಸುತ್ತದೆ. ಒದ್ದೆ ನೆಲ, ಒರಟು ನೆಲ, ತಂತಿಯ ನೆಲ ಇವು ಅಂಗಾಲಿನಲ್ಲಿ ಹುಣ್ಣನ್ನು ತರುತ್ತವೆ. ಇದನ್ನು ತಿಳಿದ ಮೇಲೆ ಹಾಸಿಗೆಯು ಅಲಂಕಾರದ ವಸ್ತುವಲ್ಲವೆಂದು ಯಾರಿಗಾದರೂ ಅರ್ಥವಾದೀತು.

ನಾವು ಇದನ್ನು ಕಲಿತದ್ದು ತಪ್ಪು ಮಾಡಿಯೇ. ಮೊದಲು ಮಿಲ್ಲಿನಿಂದ ಮರದ ಹುಡಿ ತಂದು ಹಾಸಿದೆವು. ಖರ್ಚಿಲ್ಲವೆಂದು ಹಿಗ್ಗಿದೆವು. ಅದರ ಧೂಳಿಗೆ ಎರಡೂ ಪ್ರಾಣಿಗಳು ಸೀನತೊಡಗಿದವು. ಬೈಹುಲ್ಲು ಹಾಸಿದರೆ ಗಟ್ಟಿ ದಂಟುಗಳು ಚುಚ್ಚಿದವು. ಹಳೆಯ ಪತ್ರಿಕೆ ಒಂದೇ ರಾತ್ರಿಯಲ್ಲಿ ತೊಯ್ದು ಮುದ್ದೆಯಾಯಿತು. ಕೊನೆಗೆ ಮನೆಯ ಹಳೆಯ ಬೈರಾಸುಗಳನ್ನು ಹಾಸಿದೆವು. ಬೇಸಗೆಯಲ್ಲಿ ಎಲ್ಲವೂ ಸರಿಯಾಗಿತ್ತು. ಆದರೆ ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಆಟಿ ತಿಂಗಳಲ್ಲಿ ಜಗಲಿಯ ಹಗ್ಗದಲ್ಲಿ ಬೈರಾಸು ಮೂರು ದಿನ ತೂಗಿದರೂ ಒಣಗಲಿಲ್ಲ. 'ಸ್ವಲ್ಪ ತಂಪಿದೆ, ಅಷ್ಟೇ' ಎಂದು ಹಾಸಿಬಿಟ್ಟೆವು. ಕೆಲವೇ ದಿನಗಳಲ್ಲಿ ಒಂದು ಪ್ರಾಣಿ ಕುಂಟತೊಡಗಿತು. ಎತ್ತಿ ನೋಡಿದರೆ ಅಂಗಾಲು ಕೆಂಪಾಗಿ ಬಾತುಕೊಂಡಿತ್ತು.

ಪಶುವೈದ್ಯರು ಗಾಯ ತೊಳೆದು ಔಷಧಿ ಕೊಟ್ಟರು. ಒಣ ಹಾಸಿಗೆ ಇಲ್ಲದಿದ್ದರೆ ಔಷಧಿಯಿಂದ ಪ್ರಯೋಜನವಿಲ್ಲವೆಂದೂ ಹೇಳಿದರು. ಮನುಷ್ಯರಂತೆ ಗಿನಿಯಿಲಿಯೂ ವಿಟಮಿನ್ 'ಸಿ'ಯನ್ನು ತನ್ನ ದೇಹದಲ್ಲಿ ತಯಾರಿಸಲಾರದು. ಅದು ಕಡಿಮೆಯಾದರೆ ಗಾಯ ಬೇಗನೆ ಮಾಯುವುದಿಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ವಿಜ್ಞಾನಿಗಳು ಸ್ಕರ್ವಿ ರೋಗದ ಗುಟ್ಟನ್ನು ಅರಸಿದ್ದು ಈ ಬಡಪ್ರಾಣಿಯ ಮೇಲೆಯೇ. ಮನುಕುಲಕ್ಕೆ ಇಷ್ಟು ಉಪಕಾರ ಮಾಡಿದ ಪ್ರಾಣಿಗೆ ನಾವು ಒಂದು ಒಣ ಬಟ್ಟೆಯನ್ನೂ ಕೊಡದೆ ಹೋದೆವಲ್ಲ ಎಂದು ನಾಚಿಕೆಯಾಯಿತು.

ಆಮೇಲೆ ನಾವು ಕಂಡುಕೊಂಡ ಕ್ರಮ ಹೀಗಿದೆ. ಹಾಸಿಗೆಗೆ ಎರಡು ಪದರ ಬೇಕು. ಮೇಲಿನದು ಫ್ಲೀಸ್ ಎಂಬ ಮೃದುವಾದ ಪಾಲಿಯೆಸ್ಟರ್ ಬಟ್ಟೆ. ಚಳಿಗಾಲದ ಹೊದಿಕೆಗಳನ್ನು ಇದರಿಂದ ಮಾಡುತ್ತಾರೆ. ಅದು ನೀರನ್ನು ತನ್ನಲ್ಲಿ ಹಿಡಿದಿಡದೆ ಕೆಳಕ್ಕೆ ಬಿಡುತ್ತದೆ. ಕೆಳಗಿನದು ನೀರು ಹೀರುವ ದಪ್ಪ ಹತ್ತಿಯ ಬಟ್ಟೆ. ಹಳೆಯ ಬೈರಾಸಿನ ಸ್ಥಾನ ಇಲ್ಲಿ. ಬೈರಾಸನ್ನೇ ಮೇಲೆ ಹಾಸಿದರೆ ಹಸಿ ಮೇಲೆಯೇ ಉಳಿಯುತ್ತದೆ, ಅದರ ನೂಲಿನ ಕುಣಿಕೆಗಳಿಗೆ ಉಗುರು ಸಿಕ್ಕಿಕೊಳ್ಳುತ್ತದೆ. ಹೊಸ ಫ್ಲೀಸ್ ಮೊದಮೊದಲು ನೀರನ್ನು ಒಳಗೆ ಬಿಡುವುದಿಲ್ಲ. ಎರಡು ಮೂರು ಬಾರಿ ಒಗೆದು, ಒಂದು ಚಮಚ ನೀರು ಹಾಕಿ ಪರೀಕ್ಷಿಸಬೇಕು. ನೀರು ಮುತ್ತಿನಂತೆ ಮೇಲೆಯೇ ನಿಂತರೆ ಇನ್ನೊಮ್ಮೆ ಒಗೆಯಬೇಕು. ಬಟ್ಟೆಗೆ ನುಣುಪು ಕೊಡುವ ಪರಿಮಳದ ದ್ರಾವಣವನ್ನು ಹಾಕಲೇಬಾರದು. ಅದರಿಂದ ನೀರು ಇಳಿಯುವ ಗುಣ ಕೆಡುತ್ತದೆ. ಪ್ರಾಣಿಯು ಬಟ್ಟೆಯನ್ನು ಕಚ್ಚಿ ನುಂಗುವುದು ಕಂಡರೆ ಕೂಡಲೇ ತೆಗೆಯಬೇಕು. ಬಟ್ಟೆ ಹಾಸಿದೆವೆಂದು ಒಣ ಹುಲ್ಲನ್ನು ನಿಲ್ಲಿಸುವಂತಿಲ್ಲ. ಅದು ಹಾಸಿಗೆಯಲ್ಲ, ಆಹಾರ.

ದಿನವೂ ಹಿಕ್ಕೆಯನ್ನು ಗುಡಿಸಿ ತೆಗೆಯುತ್ತೇವೆ. ಮೂರು ನಾಲ್ಕು ದಿನಗಳಿಗೊಮ್ಮೆ, ಒದ್ದೆಯಾದರೆ ಅದಕ್ಕೂ ಮೊದಲೇ, ಬಟ್ಟೆ ಬದಲಿಸುತ್ತೇವೆ. ಇದಕ್ಕೆ ಪ್ರತ್ಯೇಕ ಬಕೆಟ್ಟು ಇದೆ. ಮನೆಯವರ ಬಟ್ಟೆಯೊಡನೆ ಬೆರೆಸುವುದಿಲ್ಲ. ಗಜಕರ್ಣದಂತಹ ಚರ್ಮರೋಗ ಈ ಪ್ರಾಣಿಗಳಿಂದ ಮನುಷ್ಯರಿಗೂ ಹರಡಬಹುದು. ಆದುದರಿಂದ ಒಗೆದ ಬಳಿಕ ಕೈಯನ್ನು ಸೋಪಿನಿಂದ ತೊಳೆಯುವುದು ಕಡ್ಡಾಯ. ಮಳೆಗಾಲದಲ್ಲಿ ಫ್ಲೀಸ್ ಬೇಗನೆ ಒಣಗಿದರೂ ಹತ್ತಿ ಒಣಗದು. ಆದ್ದರಿಂದ ಕೆಳಪದರಕ್ಕೆ ನಾಲ್ಕು ತುಂಡುಗಳನ್ನು ಇಟ್ಟುಕೊಂಡಿದ್ದೇವೆ. ಬಚ್ಚಲ ಒಲೆಯ ಹತ್ತಿರ ಹತ್ತಿಯನ್ನು ಒಣಗಿಸಬಹುದು. ಪಾಲಿಯೆಸ್ಟರನ್ನು ಬೆಂಕಿಯ ಬಳಿಗೆ ಒಯ್ಯಬಾರದು, ಅದು ಕರಗುತ್ತದೆ.

ಇಷ್ಟೆಲ್ಲ ಯಾರು ಮಾಡುವುದು ಎಂದು ಹಿರಿಯರು ಕೇಳುವುದು ನ್ಯಾಯವೇ. ನಮ್ಮ ಮನೆಯಲ್ಲಿ ಮೊದಲು ಒಗೆಯುತ್ತಿದ್ದವರು ಅಮ್ಮ. ಪ್ರಾಣಿ ಕುಂಟಿದ ದಿನ ಅವರು, "ಮುದ್ದು ಮಾಡ್ಲಿಕ್ಕೆ ನೀವು, ಒಗಿಲಿಕ್ಕೆ ನಾನಾ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಒಗೆಯುವ ಕೆಲಸವನ್ನು ವಾರಕ್ಕೊಬ್ಬರಂತೆ ನಾವೇ ಮಾಡುತ್ತೇವೆ. ಪರೀಕ್ಷೆಯ ದಿನಗಳಲ್ಲೂ ತಪ್ಪಿಸಿಲ್ಲ. ಕಾಲು ಗುಣವಾಯಿತು, ಅದಕ್ಕಿಂತ ಹೆಚ್ಚಾಗಿ ನಾವು ಗುಣವಾದೆವು.

ವಿದ್ಯಾರ್ಥಿ ಮಿತ್ರರೇ, ಗಿನಿಯಿಲಿ 5ರಿಂದ 8 ವರ್ಷ ಬಾಳುವ ಜೀವಿ. ಎಂಟನೇ ತರಗತಿಯಲ್ಲಿ ತಂದರೆ ನೀವು ಕಾಲೇಜು ಮುಗಿಸುವವರೆಗೂ ಅದು ಇರಬಹುದು. ಅಷ್ಟು ಕಾಲ ಬಟ್ಟೆ ಒಗೆಯಲು ಮನಸ್ಸಿದ್ದರೆ ಮಾತ್ರ ತನ್ನಿರಿ. ಹೆತ್ತವರೇ, ಮಕ್ಕಳು ಪ್ರಾಣಿ ಬೇಕೆಂದು ಹಟ ಹಿಡಿದಾಗ ಕೂಡಲೇ ಬೇಡವೆನ್ನಬೇಡಿ, ಕೂಡಲೇ ಒಪ್ಪಲೂ ಬೇಡಿ. ಒಂದು ತಿಂಗಳು ಅವರವರ ಹಾಸಿಗೆಯ ಬಟ್ಟೆಯನ್ನು ಅವರೇ ಒಗೆಯಲಿ. ಅದರಲ್ಲಿ ತೇರ್ಗಡೆಯಾದ ಮಕ್ಕಳಿಗೆ ಧೈರ್ಯವಾಗಿ ಪ್ರಾಣಿಯನ್ನು ಒಪ್ಪಿಸಬಹುದು.